ಹೊಳೆ ದಂಡೆಯಲ್ಲಿ ನಿಂತ ರಾಜ

ನಮ್ಮ ಅಪ್ಪನಿಗೆ ಕತೆಗಳೆಂದರೆ ಆಗುತ್ತಿರಲಿಲ್ಲ. ಪಾಂಡವಪುರದಲ್ಲಿ ಮೇಷ್ಟ್ರಾಗಿ ರಿಟೈರಾದ ಮೇಲೆ ವೇದಾಂತ ಹಿಡಿದವರು. ಕೆ.ಆರ್. ಪೇಟೆ, ನಾಗಮಂಗಲ, ಶ್ರೀರಂಗಪಟ್ಟಣದ ಕಡೆ ಯಾರ ಮನೆಯಲ್ಲಿ ಸಾವಾದರೂ ತಿಥಿಯ ದಿನ ಎರಡು ಮಾತಾಡಲು ಇವರನ್ನೇ ಕರೆಯುತ್ತಿದ್ದರು. ಮೈಕ್ ಹಿಡಿದು, "ಸಾಯುವುದು ದೇಹ. ನೀವು ದೇಹವಲ್ಲ. ಮುಗಿಯಿತು. ಇದನ್ನು ಹೇಳಲು ಕತೆ ಬೇಕಾಗಿಲ್ಲ" ಎನ್ನುತ್ತಿದ್ದರು. ಅಳುತ್ತಿದ್ದವರು ಅಳು ನಿಲ್ಲಿಸುತ್ತಿದ್ದರು. ಸಮಾಧಾನವಾಗಿ ನಿಲ್ಲಿಸುತ್ತಿದ್ದರೋ ಹೆದರಿ ನಿಲ್ಲಿಸುತ್ತಿದ್ದರೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಅವ್ವ ಕತೆಯವಳು. ಅವರೆಕಾಯಿ ಸುಲಿಯುತ್ತಾ ಕೂತಳೆಂದರೆ ನರಿ, ಸೊಸೆ, ಶಿವ, ಯಮ ಎಲ್ಲರೂ ನಮ್ಮ ಜಗಲಿಗೆ ಬಂದು ಹೋಗುತ್ತಿದ್ದರು. ಕೇಳುವವರು ಹೂಂಗುಟ್ಟಬೇಕು, ಇಲ್ಲವಾದರೆ ಕತೆ ನಿಂತುಬಿಡುತ್ತಿತ್ತು. ಗಂಡ ಸತ್ತವಳು, ಮಗು ಕಳೆದುಕೊಂಡವಳು ಬಂದು ಅವಳ ಪಕ್ಕ ಕೂತು ಹೂಂಗುಟ್ಟುತ್ತಾ ಕಣ್ಣೊರೆಸಿಕೊಳ್ಳುತ್ತಿದ್ದರು. ಅಪ್ಪ ಒಳಗಿಂದಲೇ, "ಶುರುವಾಯ್ತು ಕಾಗಕ್ಕ ಗುಬ್ಬಕ್ಕನ ಕತೆ" ಎಂದು ಕುಟುಕುತ್ತಿದ್ದರು. ಬುದ್ಧಿ ಬಲಿಯದವರಿಗೆ ಕತೆ, ಬಲಿತವರಿಗೆ ತತ್ವ ಎಂಬುದು ಅವರ ಲೆಕ್ಕ.

ಅವ್ವನಿಗೆ ಕ್ಯಾನ್ಸರ್ ಎಂದು ತಿಳಿದಾಗ ಈ ತತ್ವಜ್ಞಾನಿ ಮಾಡಿದ ಮೊದಲ ಕೆಲಸ, ಅವಳಿಗೆ ಹೇಳಕೂಡದು ಎಂದು ನನ್ನಿಂದ ಆಣೆ ಮಾಡಿಸಿಕೊಂಡದ್ದು. ನಾನು ಬೂಕನಕೆರೆಯ ಗಂಡನ ಮನೆಯಿಂದ ಬಂದು ಅವಳ ಜೊತೆಗಿದ್ದೆ. ಹೊಟ್ಟೆಯಲ್ಲಿ ಹುಣ್ಣು, ವಾಸಿಯಾಗುತ್ತದೆ ಎಂದು ಇಬ್ಬರೂ ಹೇಳಿಕೊಂಡು ಬಂದೆವು. ಅವಳು ದಡ್ಡಿಯಲ್ಲ. ಒಂದು ಮಧ್ಯಾಹ್ನ ಅಪ್ಪನನ್ನು ಮಂಚದ ಹತ್ತಿರ ಕರೆದಳು.

"ಊರ್ಗೆಲ್ಲ ನೆಟ್ಟಗೆ ಯೋಳ್ತೀರಲ್ಲ, ನಂಗೂ ಒಸಿ ಯೋಳಿ. ನಾನು ಉಳಿಯಕ್ಕಿಲ್ವಾ? ಸತ್ಮೇಲೆ ಏನಾಯ್ತದೆ?"

ಅಪ್ಪ ಗಂಟಲು ಸರಿಮಾಡಿಕೊಂಡರು. ಈಗ ಬರುತ್ತದೆ ದೇಹ, ಆತ್ಮ ಎಂದು ನಾನು ಕಾದೆ.

"ಒಂದೂರಲ್ಲಿ ಒಬ್ಬ ರಾಜ ಇದ್ದ" ಎಂದರು ಅಪ್ಪ.

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಅವ್ವ ಮಾತ್ರ ರೂಢಿಯಂತೆ ಹೂಂ ಎಂದಳು. ರಾಜ ಬೇಟೆಗೆ ಹೋದ. ಹೂಂ. ಕಾಡಿನಲ್ಲಿ ದಾರಿ ತಪ್ಪಿತು. ಹೂಂ. ಹೊಳೆ ಅಡ್ಡ ಬಂತು, ದೋಣಿ ಇರಲಿಲ್ಲ. ಹೂಂ. ಅಷ್ಟರಲ್ಲಿ ಫೋನ್ ಬಂತು. ಅಪ್ಪ ಬದುಕಿದೆಯಾ ಬಡಜೀವವೇ ಎಂಬಂತೆ ಎದ್ದು ಹೊರಗೆ ಹೋದವರು ಅವತ್ತು ಮತ್ತೆ ಆ ಕೋಣೆಗೆ ಬರಲಿಲ್ಲ.

"ಪಾಪ, ರಾಜುನ್ನ ಅಲ್ಲೇ ನಿಲ್ಲಿಸ್ಬುಟ್ರು" ಎಂದಳು ಅವ್ವ.

ಮಾರನೆಯ ದಿನ ಅಪ್ಪ ನಾಗಮಂಗಲಕ್ಕೆ ಹೊರಟರು. ಅಲ್ಲಿ ಯಾರದೋ ತಿಥಿ. ಅವರು ಬಸ್ಸು ಹತ್ತಿದ ಮೇಲೆ ಅವ್ವ ನನ್ನ ಕೈ ಹಿಡಿದಳು. "ನೀನಾದ್ರೂ ಯೋಳು ಮಗ. ನಾನು ಒಂಟೋಯ್ತೀನಿ, ಅಲ್ವಾ?"

ಆಣೆ ಹಾಳಾಗಿ ಹೋಗಲಿ ಅನಿಸಿತು. "ಹೂಂ ಕಣವ್ವ" ಎಂದೆ.

ಅವಳು ಸೂರು ನೋಡುತ್ತಾ ಅತ್ತಳು. ನಾನೂ ಅತ್ತೆ. ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು, "ಇಷ್ಟೇಯಾ? ಇದುನ್ನ ಯೋಳಕ್ಕೆ ರಾಜ ಬೇಕಾಗಿತ್ತಾ?" ಎಂದು ನಕ್ಕಳು. ಗಂಜಿ ಕೇಳಿ ಕುಡಿದಳು. ಬಹಳ ದಿನಗಳ ಮೇಲೆ ಅವಳಾಗಿಯೇ ಕೇಳಿದ್ದು ಅದು.

"ಈಗ ಕರಿ ನಿಮ್ಮಪ್ಪುನ್ನ. ಈಗ ಕತೆ ಯೋಳ್ಲಿ. ರಾಜ ಒಳೆ ದಾಟುದ್ನೋ ಇಲ್ವೋ ಕೇಳ್ಕಂಡೇ ಓಯ್ತೀನಿ."

ಫೋನ್ ಮಾಡಿದೆ. ಹಿಂದೆ ಮೈಕಿನ ಸದ್ದು. "ನಾಳೆ ಬತ್ತೀನಿ, ಮಲಿಕಳಕ್ಕೆ ಯೋಳು ಅವಳ್ಗೆ" ಎಂದರು. ಅವರು ಬರುವ ಹೊತ್ತಿಗೆ ಅವ್ವನಿಗೆ ಪ್ರಜ್ಞೆ ಇರಲಿಲ್ಲ. ಅದು ಮತ್ತೆ ಬರಲೂ ಇಲ್ಲ.

ಹೋದ ತಿಂಗಳು ಶ್ರೀರಂಗಪಟ್ಟಣದಲ್ಲಿ ಒಂದು ಗೋಷ್ಠಿ. ಅಧ್ಯಾತ್ಮವನ್ನು ಕತೆಯ ಮೂಲಕ ಹೇಳಬೇಕೋ, ನೇರವಾಗಿಯೋ ಎಂಬುದು ವಿಷಯ. ವಯಸ್ಸಾಗಿ ಈಗ ಒಬ್ಬರೇ ಹೋಗಲಾರರೆಂದು ನಾನೇ ಅಪ್ಪನನ್ನು ಕರೆದುಕೊಂಡು ಹೋಗಿದ್ದೆ. ಕತೆಯ ಪರವಾಗಿ ಮಾತಾಡಿದವರು ಮಕ್ಕಳಿಗೆ ಬೆಲ್ಲದಲ್ಲಿ ಔಷಧಿ ಕೊಡುವ ಹಳೆಯ ಮಾತನ್ನೇ ಹೇಳಿದರು. ನನಗಂತೂ ಈ ಜಗಳದಲ್ಲಿ ನಂಬಿಕೆ ಉಳಿದಿಲ್ಲ. ಎದೆ ಗಟ್ಟಿಯಿಲ್ಲದವನು ಕತೆಯ ಹಿಂದೆಯೂ ಅವಿತುಕೊಳ್ಳುತ್ತಾನೆ, ತತ್ವದ ಹಿಂದೆಯೂ ಅವಿತುಕೊಳ್ಳುತ್ತಾನೆ. ಕಡೆಯಲ್ಲಿ ಅಪ್ಪ ಎದ್ದರು.

"ನೇರವಾಗಿಯೇ ಹೇಳಬೇಕು. ನನ್ನ ಹೆಂಡತಿಗೆ ಕೊನೆಗಾಲದಲ್ಲಿ ನಾನು ಕತೆ ಹೇಳಲಿಲ್ಲ. ನೇರವಾಗಿ ಹೇಳಿದೆ. ಆಕೆ ನಗುನಗುತ್ತಾ ಹೊರಟಳು."

ಜನ ಚಪ್ಪಾಳೆ ತಟ್ಟಿದರು. ನನ್ನ ಮೈ ಉರಿದುಹೋಯಿತು. ಅಪ್ಪ ತಮ್ಮ ಜನ್ಮದಲ್ಲಿ ಪೂರ್ತಿಯಾಗಿ ಹೇಳಿ ಮುಗಿಸಿದ ಕತೆ ಅದೊಂದೇ.

ವಾಪಸು ಬರುವಾಗ ಬಸ್ಸು ಕಾವೇರಿ ಸೇತುವೆ ಹತ್ತಿತು. ಅಪ್ಪ ಹಾಕಿಸಿಕೊಂಡ ಶಾಲನ್ನು ತೊಡೆಯ ಮೇಲೆ ಮಡಿಸಿಕೊಳ್ಳುತ್ತಿದ್ದರು.

"ಅಪ್ಪ, ಆ ರಾಜ ಹೊಳೆ ದಾಟುದ್ನಾ?" ಎಂದು ಕೇಳಿದೆ.

"ಯಾವ ರಾಜ?" ಎಂದರು.