ಟೀಚರ ಮನೆಯ ಕುರ್ಚಿ

ಟೀಚರ ಬಲಗೈಯ ತೋರುಬೆರಳು ಒಂದು ಗಳಿಗೆ ಸುಮ್ಮನಿರುತ್ತಿರಲಿಲ್ಲ. ಹಲಸಿನಕಾಯಿ ಬಲಿತಿದೆಯೇ ಎಂದು ತಟ್ಟಿ ನೋಡುವ ಹಾಗೆ ಡಬ್ಬಿ, ಚಾಪೆ, ಗಡಿಯಾರ, ಎಲ್ಲವನ್ನೂ ತಟ್ಟುತ್ತಿದ್ದರು. "ಬೇಕಾ ಇದು?" ಎಂದು ತಮ್ಮನ್ನೇ ಕೇಳಿಕೊಳ್ಳುತ್ತಿದ್ದರು.

ನಿವೃತ್ತಿಯಾದ ಮೇಲೆ ಅವರು ತೀರ್ಥಹಳ್ಳಿಯಲ್ಲಿ ನಮ್ಮ ಎದುರಿನ ಎರಡು ಕೋಣೆಯ ಬಾಡಿಗೆ ಮನೆಗೆ ಬಂದರು. ಒಂಟಿ ಜೀವ. ತಾಯಿಯ ತಾಮ್ರದ ಹಂಡೆ ಯಾರಿಗೆ ಎಂಬ ಜಗಳದಲ್ಲಿ ಹೊಸನಗರದ ಅಕ್ಕನೊಂದಿಗೆ ಮಾತು ಬಿಟ್ಟಿದ್ದರು. ಹಂಡೆ ಇವರಿಗೇ ಬಂದಿತ್ತು, ಈ ಮನೆಯ ಬಚ್ಚಲಲ್ಲಿ ಇಡಲು ಜಾಗವೇ ಇರಲಿಲ್ಲ. ಕೊನೆಗೆ ಅಕ್ಕನಿಗೇ ಕಳಿಸಿಕೊಟ್ಟರು. ಆ ಕಡೆಯಿಂದ ಮಾತಿಲ್ಲ. ಇವರಿಗೆ ಮಾತ್ರ ಅಂದಿನಿಂದ ಕೊಡುವ ಚಟ ಹತ್ತಿತು.

ನೆಮ್ಮದಿಯಿಂದ ಕೊಟ್ಟವರೇನಲ್ಲ. ಮಿಕ್ಸಿಯನ್ನು ನಮಗೆ ದಾನ ಮಾಡಿ, ವಾರ ಕಳೆಯುವುದರೊಳಗೆ "ಚಟ್ನಿ ಅರೆಯಕ್ಕೆ ಕೈ ಬರಲ್ಲ ಮಾರಾಯ್ತಿ, ಕೊಡು ಇತ್ಲಾಗೆ" ಎಂದು ಹೊತ್ತೊಯ್ದರು. ಕಂಬಳಿಯೂ ಹಾಗೇ ಬೀದಿ ದಾಟಿ ಬಂತು, ಹೋಯಿತು. "ನಮ್ಮನೆ ಟೀಚರಿಗೆ ಅಟ್ಟ" ಎಂದು ನನ್ನ ಗಂಡ ನಗುತ್ತಿದ್ದರು. ನಾಚಿಕೆಯಾಗಲ್ವಾ ಟೀಚರ್ ಎಂದು ಒಮ್ಮೆ ಕೇಳಿಯೇಬಿಟ್ಟೆ.

"ಉಪ್ಪು ಸಾಕಾ ಅಂತ ಬಾಯಿಗೆ ಹಾಕ್ಕೊಂಡೇ ನೋಡ್ಬೇಕಲ್ಲೇ" ಎಂದರು.

ಆಮೇಲೆ ಇದ್ದೊಂದು ಬೆತ್ತದ ಕುರ್ಚಿಯೂ ನಮ್ಮ ಮನೆಗೆ ಬಂತು. ನೆಲ ಇದೆಯಲ್ಲ, ಸಾಕು ಎಂದರು.

ಒಂದು ಮಧ್ಯಾಹ್ನ ಓಡಿ ಬಂದರು. "ಅಕ್ಕ ಬಂದಿದಾಳೆ. ಮಂಡಿ ಮಡಚಕ್ಕಾಗಲ್ಲ ಅವಳಿಗೆ, ಬಾಗ್ಲು ಹಿಡ್ಕೊಂಡು ನಿಂತಿದಾಳೆ. ಕುರ್ಚಿ ಕೊಡು."

ಕುರ್ಚಿಯ ಮೇಲೆ ವಾರದ ಬಟ್ಟೆ ಗುಡ್ಡೆ ಬಿದ್ದಿತ್ತು. ಅದರ ಮೇಲೆ ಮಕ್ಕಳ ಚೀಲ, ಹಳೆಯ ಪೇಪರು. ಅದನ್ನೆಲ್ಲ ಸುರಿಯಲು ನಮ್ಮ ಮನೆಯಲ್ಲಿ ಬೇರೆ ಜಾಗವೇ ಸಿಗಲಿಲ್ಲ. ಅಂತೂ ಕುರ್ಚಿ ಬಿಡಿಸಿ ಬೀದಿ ದಾಟುವಷ್ಟರಲ್ಲಿ ಬಾಗಿಲಲ್ಲಿ ಯಾರೂ ಇರಲಿಲ್ಲ. ಟೀಚರು ಅಕ್ಕನಿಗೆ ಏನೂ ಹೇಳದೆ ಓಡಿ ಬಂದಿದ್ದರು.

"ಕೂತ್ಕೋ ಅಂತ್ಲೂ ಅನ್ಲಿಲ್ಲ ಅಂದ್ಕೊಂಡು ಹೋದ್ರು" ಎಂದರು ಪಕ್ಕದ ಮನೆಯವರು.

ಟೀಚರು ಕುರ್ಚಿಯನ್ನು ತಲೆಯ ಮೇಲೆ ಹೊತ್ತುಕೊಂಡೇ ಬಸ್‌ಸ್ಟ್ಯಾಂಡಿಗೆ ಹೊರಟರು. ನಾನು ಹಿಂದೆ ಓಡಿದೆ. ಅಕ್ಕ ಕಂಬಕ್ಕೆ ಒರಗಿ ನಿಂತಿದ್ದರು. ಅಷ್ಟು ಜನರ ನಡುವೆ ಟೀಚರು ಕುರ್ಚಿ ಇಟ್ಟು, "ಕೂತ್ಕಳೆ" ಎಂದರು. ಅಕ್ಕ ಮುಖ ತಿರುಗಿಸಿದರು.

"ಕೂತ್ಕೊಂಡು ಬೈಯಿ."

ಅಕ್ಕ ಕೂತರು. ಹೊಸನಗರದ ಬಸ್ಸು ಬಂತು, ಹೋಯಿತು. ಅದರ ಹಿಂದೆ ಬಂದದ್ದೂ ಹೋಯಿತು. ನನಗೆ ಅಳು ಬಂದು, ಕಡಲೆಕಾಯಿ ಕೊಳ್ಳುವ ನೆಪದಲ್ಲಿ ಆಚೆ ಹೋದೆ.

ಆಮೇಲೆ ಕುರ್ಚಿ ಟೀಚರ ಮನೆಯಲ್ಲೇ ಉಳಿಯಿತು. ಬೆರಳು ಮಾತ್ರ ಮಿಕ್ಕಿದ್ದನ್ನು ತಟ್ಟುತ್ತಲೇ ಇತ್ತು, ಕಡೆಗೆ ಆಸ್ಪತ್ರೆಯ ಮಂಚದ ಸರಳನ್ನೂ. ಹೋದ ಮಳೆಗಾಲದಲ್ಲಿ ತೀರಿಕೊಂಡರು. ಮನೆ ಖಾಲಿ ಮಾಡಲು ಬಂದ ಅಕ್ಕ ಕುರ್ಚಿಯನ್ನು ನನಗೇ ಕೊಟ್ಟರು. "ಇಟ್ಕೋ. ನಾ ಈ ಕಡೆ ಬಂದ್ರೆ ಕೂರಕ್ಕೆ ಬೇಕಲ್ಲ."

ಈಗ ನಾನೂ ಬೀರು ತೆಗೆದು ಒಂದೊಂದನ್ನೇ ತಟ್ಟುತ್ತೇನೆ, ಮತ್ತೆ ಮುಚ್ಚುತ್ತೇನೆ. ಎಷ್ಟು ಸಾಕು ಎಂಬುದು ನನಗಿನ್ನೂ ತಿಳಿದಿಲ್ಲ, ಟೀಚರಿಗಾದರೂ ತಿಳಿದಿತ್ತೋ ಇಲ್ಲವೋ. ನಮ್ಮ ಮನೆಯಲ್ಲಿ ಬಟ್ಟೆ ಈಗಲೂ ಗುಡ್ಡೆ ಬೀಳುತ್ತದೆ. ಆ ಕುರ್ಚಿಯ ಮೇಲೆ ಬೀಳಲು ಮಾತ್ರ ನಾನು ಬಿಡುವುದಿಲ್ಲ.