ಗದಿಗೆಮ್ಮನ ತಿಳಿನೀರು

ಮಗಳ ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂದು ಗದಿಗೆಮ್ಮ ಹಟ ಹಿಡಿದಳು. ತವರೆಂದರೆ ಇದ್ದದ್ದಾದರೂ ಏನು? ಮಲ್ಕಾಜ್‌ಗಿರಿಯಲ್ಲಿ ಏಳುತ್ತಿದ್ದ ಅಪಾರ್ಟ್‌ಮೆಂಟಿನ ಪಕ್ಕ ಒಂದು ತಗಡಿನ ಶೆಡ್ಡು. ಶಹಾಪುರದ ಕಡೆಯ ಊರು ಬಿಟ್ಟು ಹೈದರಾಬಾದಿಗೆ ಬಂದ ಮೇಲೆ ಅವಳಿಗೆ ಬೇರೆ ಮನೆಯಿರಲಿಲ್ಲ. ಆದರೂ ಬೀಗಿತಿ ಯಂಕಮ್ಮನ ಮುಂದೆ ಎದೆ ಸೆಟೆಸಿ ನಿಂತು, ಏಳು ತಿಂಗಳ ಬಸುರಿ ರೇಣುಕಾಳನ್ನು ಕರೆತಂದಿದ್ದಳು.

ಹೊಸದಾಗಿ ಹಾಕಿದ ಕಾಂಕ್ರೀಟು ಸ್ಲ್ಯಾಬು ಒಣಗಿ ಬಿರುಕು ಬಿಡದಂತೆ ನೀರುಣಿಸುವುದು ಗದಿಗೆಮ್ಮನ ಕೆಲಸ. ಸ್ಲ್ಯಾಬಿನ ಮೇಲೆ ಗಾರೆಯ ಸಣ್ಣ ಬದು ಹಾಕಿ, ಗದ್ದೆಯ ಮಡಿಗಳಂತೆ ಮಾಡಿ, ಬೋರಿನ ನೀರು ನಿಲ್ಲಿಸುತ್ತಿದ್ದಳು. ಸಾಕೆಂದು ಮೇಸ್ತ್ರಿ ದತ್ತಾತ್ರೇಯ ಹೇಳಿದರೂ ಕೇಳುವವಳಲ್ಲ. ಇನ್ನೂ ಕುಡಿಯಲಿ ಬಿಡ್ರಿ ಎನ್ನುವಳು. ಭತ್ತದ ಸೀಮೆಯಲ್ಲಿ ಬೆಳೆದವಳಿಗೆ ನಿಂತ ನೀರು ಕಂಡರೆ ಜೀವಕ್ಕೆ ತಂಪು.

ಅಷ್ಟರಲ್ಲಿ ಪಕ್ಕದ ಶೆಡ್ಡಿನ ಚನ್ನು ಡೆಂಗಿ ಜ್ವರದಲ್ಲಿ ಮಲಗಿದ. ಬಸುರಿಗೆ ಆ ಜ್ವರ ಬಂದರೆ ಎರಡು ಜೀವಕ್ಕೆ ಕುತ್ತು. ರಸ್ತೆಬದಿಯ ಕೊಳಚೆ ಮೋರಿಯೇ ಇದಕ್ಕೆಲ್ಲ ಮೂಲವೆಂದು ಗದಿಗೆಮ್ಮ ತಾನೇ ತೀರ್ಪು ಕೊಟ್ಟಳು. ಮೋರಿಯನ್ನು ಬಾಯಿತುಂಬ ಬೈದಳು, ಸಂಜೆಗೆ ಬೇವಿನ ಹೊಗೆ ಹಾಕಿದಳು, ರಾತ್ರಿ ಮಗಳಿಗೆ ಸೊಳ್ಳೆಪರದೆ ಕಟ್ಟಿದಳು. ಹಗಲು ತಗಡು ಕಾಯುತ್ತದೆಂದು, ಮೇಲಿನಿಂದ ನೀರು ತೊಟ್ಟಿಕ್ಕುವ ಕಟ್ಟಡದ ಮೆಟ್ಟಿಲ ಬಳಿ ಚಾಪೆ ಹಾಸಿ ಮಲಗಿಸಿದಳು. ಇಡೀ ಸೈಟಿನಲ್ಲಿ ಅದಕ್ಕಿಂತ ತಂಪಾದ ಜಾಗವಿರಲಿಲ್ಲ.

ಚನ್ನುವಿನ ಜ್ವರದ ಸುದ್ದಿ ತಿಳಿದು ಆರೋಗ್ಯ ಕಾರ್ಯಕರ್ತೆ ಸುಮಂಗಲಾ ಬಂದಳು. ಬೀದರ ಕಡೆಯ ಹುಡುಗಿ. ಗದಿಗೆಮ್ಮ ಅವಳನ್ನು ಮೋರಿಯ ಕಡೆಗೇ ಎಳೆದಳು. ಸುಮಂಗಲಾ ಅದನ್ನು ನೋಡಿ, ಆಮೇಲೆ ಮೆಟ್ಟಿಲು ಹತ್ತಿ, ಮಡಿಯ ನೀರನ್ನು ಬಿಳಿ ಬಟ್ಟಲಿಗೆ ಮೊಗೆದಳು. ಕೂದಲೆಳೆಯಂಥ ಹುಳಗಳು ಮಿಡುಕುತ್ತಿದ್ದವು.

“ಇದು ಕುಡಿಯೂ ನೀರವ್ವಾ,” ಅಂದಳು ಗದಿಗೆಮ್ಮ.

“ಡೆಂಗಿ ಸೊಳ್ಳಿಗೆ ತತ್ತಿ ಇಡಾಕ ಇಂಥಾ ತಿಳಿನೀರೇ ಬೇಕ್ರಿ ಅವ್ವಾರ. ಮೋರಿ ಸೊಳ್ಳಿ ಬ್ಯಾರೆ. ಇದು ಹಗಲಿಗೇ ಕಡಿತೈತಿ.”

ಹಗಲಿಗೆ! ಗದಿಗೆಮ್ಮನ ಕಣ್ಣು ಕೆಳಗೆ ಚಾಪೆಯ ಮೇಲೆ ನಿದ್ದೆಹೋಗಿದ್ದ ಮಗಳ ಕಡೆ ಓಡಿತು. ಕಾಪಾಡುತ್ತೇನೆಂದುಕೊಂಡು ತಾನೇ ಸೊಳ್ಳೆಯ ಬಾಯಿಗೆ ಕೊಟ್ಟಿದ್ದಳು. ಎರಡು ವಾರ ಮೈ ಮುಟ್ಟಿ ನೋಡುತ್ತಿರಿ, ಬಿಸಿಯಾದರೆ ತಡಮಾಡದೆ ದವಾಖಾನೆಗೆ ಒಯ್ಯಿರಿ ಎಂದು ಸುಮಂಗಲಾ ಹೇಳಿದಳು.

ಗದಿಗೆಮ್ಮ ಅವತ್ತೇ ಹಾರೆ ಹಿಡಿದು ಬದುಗಳನ್ನೆಲ್ಲ ಒಡೆದಳು. ಸ್ಲ್ಯಾಬು ಬಿರುಕು ಬಿಟ್ಟರೆ ಯಾರು ಹೊಣೆಯೆಂದು ದತ್ತಾತ್ರೇಯ ಕೂಗಾಡಿದ. ನಾನೇ ಅಂದಳು. ಬೇಗಂ ಬಜಾರಿನಿಂದ ಹಳೇ ಗೋಣಿಚೀಲ ತರಿಸಿ, ಸ್ಲ್ಯಾಬಿನ ತುಂಬ ಹಾಸಿ, ಬಿಸಿಲಿನಲ್ಲಿ ಹತ್ತಿ ಇಳಿದು ನೆನೆಸುತ್ತಲೇ ಇದ್ದಳು. ನೀರು ಎಲ್ಲೂ ನಿಲ್ಲಬಾರದು, ಸ್ಲ್ಯಾಬೂ ಒಣಗಬಾರದು. ಸೊಂಟ ಬಿದ್ದುಹೋಗುವ ಕೆಲಸ. ಶೆಡ್ಡಿನ ಮುಂದಿನ ನೀರಿನ ಡ್ರಮ್ಮನ್ನು ತಿಕ್ಕಿ ತೊಳೆದು ಬಾಯಿಗೆ ಬಟ್ಟೆ ಬಿಗಿದಳು. ಸೊಳ್ಳೆಪರದೆ ಈಗ ಹಗಲಿಗೂ ಬಂತು. ಮಗಳ ಹಣೆ ಮುಟ್ಟಿ ಮುಟ್ಟಿ ಅವಳಿಂದ ಬೈಸಿಕೊಂಡಳು.

ಚನ್ನು ಚೇತರಿಸಿಕೊಂಡು ಕೆಲಸಕ್ಕೆ ಇಳಿದ. ರೇಣುಕಾಳ ಮೈ ಬಿಸಿಯಾಗಲೇ ಇಲ್ಲ. ಹೇಳಿದ ಎರಡು ವಾರ ಇನ್ನೇನು ಮುಗಿಯಿತೆನ್ನುವಾಗ, ಜ್ವರದ ಸುದ್ದಿ ಕೇಳಿದ ಯಂಕಮ್ಮ ಸೊಸೆಯನ್ನು ಒಯ್ಯಲು ಬಂದಳು. ಡ್ರಮ್ಮಿನ ಬಟ್ಟೆ ಬಿಚ್ಚಿ ನೋಡಿದಳು, ಬಕೆಟ್ಟುಗಳ ತಳ ನೋಡಿದಳು. ಮಟಮಟ ಮಧ್ಯಾಹ್ನ ಪರದೆಯೊಳಗೆ ಗೊರಕೆ ಹೊಡೆಯುತ್ತಿದ್ದ ಸೊಸೆಯನ್ನೂ ನೋಡಿದಳು.

ಗದಿಗೆಮ್ಮ ತಪ್ಪು ಮುಚ್ಚಿಡಲಿಲ್ಲ. ಮಡಿ ಕಟ್ಟಿದ್ದು, ಚಾಪೆ ಹಾಸಿದ್ದು, ಎಲ್ಲ ಹೇಳಿದಳು. ಕೊನೆಗೆ, ಕಣ್ಣು ತುಂಬಿಕೊಂಡು, ಕರಕೊಂಡು ಹೋಗ್ರಿ ಅಂದಳು.

ಯಂಕಮ್ಮ ತಂದಿದ್ದ ಚೀಲವನ್ನು ಶೆಡ್ಡಿನ ಗೂಟಕ್ಕೆ ತೂಗುಹಾಕಿದಳು.

“ಹೆರಿಗಿ ಇಲ್ಲೇ ಆಗಲಿ ಬೀಗಿತಿ. ಅಲ್ಲಿ ನನ್ನ ಅಂಗಳದಾಗ ಇಂಥಾವ ನಾಕು ಡ್ರಮ್ಮು ಬಾಯಿ ತಕ್ಕೊಂಡು ಕುಂತಾವು.”