ಭತ್ತದಲ್ಲಿ ಹಣ್ಣಾಗಲಿಟ್ಟ ಅದಿರು

...ಅಥವಾ ಅದು ಚೀಲವಾಗಿತ್ತೋ ಕಣಜವಾಗಿತ್ತೋ, ಈಗ ಖಚಿತವಾಗಿ ಹೇಳಲಾರೆ. ಭತ್ತವಂತೂ ಇತ್ತು, ಕಲ್ಲೂ ಇತ್ತು. ಕಂಪ್ಲಿಯಲ್ಲಿ ರೈಸ್ ಮಿಲ್ ನಡೆಸುತ್ತಿದ್ದ ನನ್ನ ಸೋದರಮಾವ ಸಂಡೂರಿನ ಗುಡ್ಡದಿಂದ ಕಬ್ಬಿಣದ ಅದಿರೆಂದು ಒಂದು ಕೆಂಪು ಕಲ್ಲು ತಂದಿದ್ದರು. ಹಳೆಯ ಸ್ಪೀಕರಿನಿಂದ ಕಿತ್ತ ಅಯಸ್ಕಾಂತ ಅದಕ್ಕೆ ಅಂಟಲಿಲ್ಲ.

"ಇನ್ನಾ ಕಾಯಿ ಐತಿ, ಅಳಿಯಾ. ಮಾವಿನಕಾಯಿ ಹಂಗ ಭತ್ತದಾಗ ಇಟ್ರ ಹಣ್ಣಾಗ್ತೈತಿ."

ಅತ್ತೆ ಸೆರಗು ಬಾಯಿಗೊತ್ತಿಕೊಂಡು ನಕ್ಕರು. ಹೊರಗೆ ಯಾರ ಮುಂದೂ ಹೇಳಬಾರದೆಂದು ಮಾವ ನಮ್ಮಿಬ್ಬರಿಂದಲೂ ಮಾತು ತೆಗೆದುಕೊಂಡರು.

ಗಣಿಯ ಹುಚ್ಚು ಎಲ್ಲರಿಗೂ ಹಿಡಿದಿದ್ದ ಕಾಲ ಅದು. ಗಣಿಯೇ ಇಲ್ಲದೆ ಹೆಲ್ಮೆಟ್ ಹಾಕಿಕೊಂಡು ಊರೂರು ತಿರುಗುವ ಮಿಲ್ ಮಾಲೀಕನ ಬಗ್ಗೆ ನಾನೊಂದು ನಗೆ ಕಾದಂಬರಿ ಬರೆದೆ. ತಾವೇ ಅದರ ನಾಯಕ ಎಂದು ಮಾವನಿಗೆ ಗೊತ್ತಿತ್ತು, ಖುಷಿಯೂ ಇತ್ತು. ಕಲ್ಲಿನ ವಿಷಯ ಮಾತ್ರ ನಾನು ಬರೆದಿರಲಿಲ್ಲ.

ಹೊಸಪೇಟೆಗೆ ಬಂದ ನಾಟಕ ಕಂಪನಿಯೊಂದು ಪುಸ್ತಕವನ್ನು ನಾಟಕ ಮಾಡಿತು. ಕಂಪನಿಯ ಹಾಸ್ಯನಟರಿಗೆ ಒಂದು ರೂಢಿ. ಆಟಕ್ಕೆ ಮೊದಲು ಹೋಟೆಲುಗಳಲ್ಲಿ ಕೂತು ಊರಿನ ಸುದ್ದಿ ಕೆದಕುತ್ತಾರೆ, ಸಿಕ್ಕಿದ್ದನ್ನು ಪಾತ್ರದ ಬಾಯಿಗೆ ಹಾಕಿಕೊಳ್ಳುತ್ತಾರೆ. ಮೊದಲ ಆಟಕ್ಕೆ ನಾನು, ಮಾವ ಮುಂದಿನ ಸಾಲಿನಲ್ಲಿದ್ದೆವು. ನಡುವೆ ನಾಯಕನ ಪಾತ್ರದ ಹಾಸ್ಯನಟ ಭತ್ತದ ಚೀಲಕ್ಕೆ ಕೈಹಾಕಿ ಕಲ್ಲು ತೆಗೆದ, ಮೂಸಿದ.

"ಇನ್ನಾ ಕಾಯಿ ಐತ್ಲೇ!"

ಟೆಂಟಿಗೆ ಟೆಂಟೇ ನಕ್ಕಿತು. ಮಾವನೂ ನಕ್ಕರು. ಆದರೆ ನನ್ನ ತೊಡೆಯ ಮೇಲಿದ್ದ ಅವರ ಕೈ ಮೆಲ್ಲಗೆ ಹಿಂದೆ ಸರಿಯಿತು.

"ಪುಸ್ತಕದಾಗ ಇಲ್ಲ ಅಂದಿದ್ದಿ?" ಹೊರಗೆ ಬಂದಾಗ ಕೇಳಿದರು.

"ಇಲ್ಲ ಮಾವ."

"ಹಂಗಾರ ಗಾಳಿ ಬಂದು ಹೇಳಿತೇನ ಅವಗ?"

ಬಣ್ಣ ಒರೆಸಿಕೊಳ್ಳುತ್ತಿದ್ದ ನಟನನ್ನು ಹಿಡಿದು ಕೇಳಿದೆ, ಯಾರು ಹೇಳಿದ್ದೆಂದು.

"ಚಾ ಕುಡಿಸಿದ್ರ ಯಾರು ಹೇಳಂಗಿಲ್ರಿ ಸರ? ಮನಿ ಗುಟ್ಟೆಲ್ಲ ಹೊರಗ ಬರ್ತಾವ. ನೀವೂ ಕಡ್ಡಿರಾಂಪುರದ ಹೋಟೆಲ್ಲಿನಾಗ ನನ್ ಜೋಡಿ ಕುಂತಿದ್ರಲ್ರಿ, ನೆಪ್ಪಿಲ್ಲೇನು?"

ಆ ಚಹಾ ನೆನಪಿದೆ. ಮೆಣಸಿನಕಾಯಿ ಬಜ್ಜಿಯೂ ನೆನಪಿದೆ. ಮಾತು ನೆನಪಿಲ್ಲ.

ಆಮೇಲೆ ನಾಟಕ ಸಿಡಿಯಾಯಿತು, ಅದಿರು ಲಾರಿಗಳಲ್ಲಿ ಹಗಲೆಲ್ಲ ಕೂಗಿತು. ಲೋಕಲ್ ಕೇಬಲ್‌ನವರು ಹಂಪಿ ಬಜಾರಿನ ಮಂಟಪಗಳಲ್ಲಿ ಅದನ್ನೇ ಧಾರಾವಾಹಿಯಾಗಿ ತೆಗೆದರು. "ಇನ್ನಾ ಕಾಯಿ ಐತ್ಲೇ" ಎಂಬುದು ಮೊಬೈಲುಗಳಲ್ಲಿ ರಿಂಗಣಿಸಿತು. ಕಾದಂಬರಿಯ ಮರುಮುದ್ರಣದಲ್ಲಿ ಪ್ರಕಾಶಕರು ಆ ದೃಶ್ಯವನ್ನೇ ಸೇರಿಸಿದ್ದರು. ಓದುವವರು ಅದನ್ನೇ ಕೇಳುತ್ತಾರಂತೆ. ಈಗ ಸಿಕ್ಕವರೆಲ್ಲ ನನ್ನನ್ನು ಹೊಗಳುವುದು ನಾನು ಬರೆಯದ ಆ ಪುಟಕ್ಕೆ. ಕೆಲವೊಮ್ಮೆ ಬರೆದದ್ದು ನಾನೇ ಅನ್ನಿಸುತ್ತದೆ. ಅದೇ ಭಯ.

ಧಾರಾವಾಹಿಯ ಒಂದು ಕಂತಿನಲ್ಲಿ ಮಾವನೇ ಕಾಣಿಸಿಕೊಂಡರು, ತಮ್ಮದೇ ಹೆಲ್ಮೆಟ್, ತಮ್ಮದೇ ಅಯಸ್ಕಾಂತ ಹಿಡಿದು. ಹಾಗಾದರೆ ನಟನಿಗೆ ಹೇಳಿದ್ದು ಇವರೇನಾ? ಕೇಳಿದೆ.

"ಹೆಸರು ಬಂತಲ್ಲ, ಬಿಡು," ಎಂದರು. ಅಷ್ಟಂದು, ಅತ್ತೆಗೆ ಚಹಾ ಹೊರಗೇ ತರಲು ಹೇಳಿದರು. ಮೊದಲೆಲ್ಲ ನಾನು ನೇರ ಅಡುಗೆಮನೆಗೆ ಹೋಗಿ ಕೂರುತ್ತಿದ್ದೆ. ಆ ನಾಟಕದ ನಂತರ ಅವರ ಮನೆಯಲ್ಲಿ ನನ್ನ ಜಾಗ ಕಟ್ಟೆಯ ಮೇಲೆ.

ಅತ್ತೆ ಹೇಳಿದರೋ, ಮಾವನೇ ಹೇಳಿದರೋ, ಕಡ್ಡಿರಾಂಪುರದಲ್ಲಿ ನನ್ನ ಬಾಯಿಂದಲೇ ಬಂತೋ, ನನಗೆ ಗೊತ್ತಿಲ್ಲ.